ಗ್ರೀನ್ ಬೇ ಯಾರ ಹೆಸರು ಕೂಗುತ್ತೆ?

2025ರ ಏಪ್ರಿಲ್ 24, ಗುರುವಾರ ರಾತ್ರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಪುಟ್ಟ ಊರು. ಜನಸಂಖ್ಯೆ ಹೆಚ್ಚೂಕಡಿಮೆ ಒಂದು ಲಕ್ಷ. ಆ ಮೂರು ದಿನಗಳಲ್ಲಿ ಅಲ್ಲಿಗೆ ಬಂದವರ ಲೆಕ್ಕ ಎಷ್ಟು ಗೊತ್ತೇ? ಸುಮಾರು ಆರು ಲಕ್ಷ! ಅಲ್ಲಿ ನಡೆಯುತ್ತಿದ್ದದ್ದು ಪಂದ್ಯವಲ್ಲ. ಯಾರೂ ಚೆಂಡು ಎಸೆಯಲಿಲ್ಲ, ಯಾರೂ ಹಿಡಿಯಲಿಲ್ಲ, ಯಾರೂ ಗೆಲ್ಲಲಿಲ್ಲ. ವೇದಿಕೆಯ ಮೇಲೆ ಒಬ್ಬರು ಬಂದು ಚೀಟಿ ನೋಡಿ ಒಂದು ಹೆಸರು ಓದುತ್ತಿದ್ದರು. ಅಷ್ಟೇ. ಆ ಹೆಸರು ಕೇಳಲು ಆರು ಲಕ್ಷ ಜನ!

ಅದು ಅಮೆರಿಕನ್ ಫುಟ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ‘ಡ್ರಾಫ್ಟ್’. ಅಂದು 23ನೇ ಸರದಿ ಆತಿಥೇಯ ತಂಡ ಗ್ರೀನ್ ಬೇ ಪ್ಯಾಕರ್ಸ್‌ನದು. ತಂಡದ ಅಧ್ಯಕ್ಷ ಮಾರ್ಕ್ ಮರ್ಫಿ ಬಂದು ಟೆಕ್ಸಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗೋಲ್ಡನ್ ಎಂಬ ಹುಡುಗನ ಹೆಸರು ಹೇಳಿದ್ದೇ ತಡ, ಇಡೀ ಮೈದಾನ ಹುಚ್ಚೆದ್ದಿತು. ಗೋಲ್ಡನ್ ಆಡುವ ಜಾಗ ವೈಡ್ ರಿಸೀವರ್. ಎದುರಾಳಿಯನ್ನು ಹಿಂದಿಕ್ಕಿ ಓಡಿ, ದೂರದಿಂದ ತೂರಿಬರುವ ಚೆಂಡನ್ನು ಗಾಳಿಯಲ್ಲೇ ಬಾಚಿಕೊಳ್ಳುವವನು. ಪ್ಯಾಕರ್ಸ್ ಮೊದಲ ಸುತ್ತಿನಲ್ಲಿ ಇಂಥ ಆಟಗಾರನೊಬ್ಬನನ್ನು ಆರಿಸಿಕೊಂಡದ್ದು 2002ರಲ್ಲಿ, ಜೇವನ್ ವಾಕರ್ ಎಂಬುವನನ್ನು. ಆಮೇಲೆ 2024ರವರೆಗೆ ಒಬ್ಬನೇ ಒಬ್ಬ ಇಲ್ಲ. ಗೋಲ್ಡನ್ ಹುಟ್ಟುವ ಮೊದಲೇ ಶುರುವಾದ ಬರಗಾಲ ಅದು! ವರ್ಷ ವರ್ಷವೂ ಏಪ್ರಿಲ್ ಬಂತೆಂದರೆ ಪಂಡಿತರು ‘ಈ ಸಲ ಪ್ಯಾಕರ್ಸ್‌ಗೆ ರಿಸೀವರ್ ಗ್ಯಾರಂಟಿ’ ಎಂದು ಬರೆಯುತ್ತಿದ್ದರು. ವರ್ಷ ವರ್ಷವೂ ತಂಡ ಬೇರೆ ಯಾರನ್ನೋ ಕರೆದು ಅವರ ಬರಹವನ್ನು ಕಸದ ಬುಟ್ಟಿಗೆ ಕಳಿಸುತ್ತಿತ್ತು.

ಒಂದು ತಂಡ ನಾಳೆ ಯಾರ ಹೆಸರು ಕೂಗುತ್ತದೆಂದು ಇವತ್ತೇ ಹೇಳುವ ಆಟಕ್ಕೆ ಅಲ್ಲಿನವರು ‘ಮಾಕ್ ಡ್ರಾಫ್ಟ್’ ಅನ್ನುತ್ತಾರೆ. ಅದರೊಳಗೆ ಒಮ್ಮೆ ಇಣುಕಿದರೆ ಸಾಕು, ಹೊರಬರುವುದು ಕಷ್ಟ. ಅದರಲ್ಲಿ ಗಣಿತವಿದೆ, ಗೂಢಚಾರಿಕೆ ಇದೆ, ವಂಶಾವಳಿ ಇದೆ, ರಾಜಾರೋಷವಾಗಿ ಹೇಳುವ ಸುಳ್ಳುಗಳಿವೆ. ಅಲಿಗಢದಲ್ಲಿ ಓದಿದ ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞರೊಬ್ಬರೂ ಇದ್ದಾರೆ! ಅವರ ವಿಷಯ ಮುಂದೆ ಬರುತ್ತದೆ.

ಐಪಿಎಲ್ ಹರಾಜು ನೋಡಿದವರಿಗೆ ಡ್ರಾಫ್ಟ್ ಅರ್ಥವಾಗಲು ಒಂದು ವಿಷಯ ಮರೆಯಬೇಕು: ದುಡ್ಡು. ಇಲ್ಲಿ ಕೂಗಾಟವಿಲ್ಲ, ಸುತ್ತಿಗೆ ಏಟಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಕೂಟವಾದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಕಾಲೇಜು ಆಟ ಮುಗಿಸಿದ ಹುಡುಗರನ್ನು ಅವು ಸರದಿಯಂತೆ ಆರಿಸಿಕೊಳ್ಳುತ್ತವೆ. ಹೋದ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಆಯ್ಕೆ, ಚಾಂಪಿಯನ್ನನಿಗೆ ಕೊನೆಯದು. ಹೀಗೆ ಏಳು ಸುತ್ತು, ಒಟ್ಟು 250ಕ್ಕೂ ಹೆಚ್ಚು ಹೆಸರು. 2025ರಲ್ಲಿ ಮೊದಲ ಸುತ್ತಿನ ಒಂದೊಂದು ಆಯ್ಕೆಗೂ ಸಿಗುತ್ತಿದ್ದ ಗಡುವು ಹತ್ತು ನಿಮಿಷ. ವರ್ಷವಿಡೀ ದೇಶ ಸುತ್ತಿ ಆಟಗಾರರನ್ನು ಅಳೆದು ತೂಗಿದ ಸ್ಕೌಟ್‌ಗಳ ದುಡಿಮೆಯೆಲ್ಲ ಆ ಕೆಲವೇ ನಿಮಿಷಕ್ಕೆ ಬಂದು ನಿಲ್ಲುತ್ತದೆ. ನಡುವೆ ತಂಡಗಳು ತಮ್ಮ ಸರದಿಯನ್ನೇ ಒಬ್ಬರಿಗೊಬ್ಬರು ಮಾರಿಕೊಳ್ಳಬಹುದು. ಹೀಗಾಗಿ, ಬರೆದಿಟ್ಟ ಊಹೆಯ ಪಟ್ಟಿಯಲ್ಲಿ ಒಂದು ಹೆಸರು ಜಾರಿದರೆ ಅದರ ಹಿಂದಿನದೆಲ್ಲ ದಡದಡನೆ ಉರುಳುತ್ತದೆ. 32ರಲ್ಲಿ ಹತ್ತು ಹೆಸರನ್ನು ಸರಿಯಾದ ತಂಡದ ಜೊತೆ ಹೊಂದಿಸಿದವನಿಗೂ ಅವತ್ತು ಹಬ್ಬ.

ಶುರುವಾದದ್ದು ಮಾತ್ರ ಎಷ್ಟು ಸಾದಾ ರೀತಿಯಲ್ಲಿ! 1936ರ ಫೆಬ್ರುವರಿ 8, ಫಿಲಡೆಲ್ಫಿಯಾದ ರಿಟ್ಜ್ ಕಾರ್ಲ್‌ಟನ್ ಹೋಟೆಲ್. ಗೋಡೆಗೊಂದು ಕಪ್ಪುಹಲಗೆ, ಅದರ ಮೇಲೆ 90 ಹೆಸರು, ಎದುರಿಗೆ ಒಂಬತ್ತು ತಂಡದವರು. ಸ್ಕೌಟೂ ಇಲ್ಲ, ಟಿವಿಯೂ ಇಲ್ಲ. ಸೋತ ತಂಡಕ್ಕೆ ಮೊದಲ ಅವಕಾಶ ಕೊಡಬೇಕೆಂದು ಹಟ ಹಿಡಿದವರು ಫಿಲಡೆಲ್ಫಿಯಾ ಈಗಲ್ಸ್‌ನ ಮಾಲೀಕ ಬರ್ಟ್ ಬೆಲ್. ಅವರದೇ ತಂಡ ಹಿಂದಿನ ವರ್ಷ ತಳದಲ್ಲಿತ್ತು ಅನ್ನುವುದನ್ನೂ ಹೇಳಿಬಿಡಬೇಕು! ಬೆಲ್ ಮೊದಲಿಗೆ ಕರೆದದ್ದು ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ ಹೆಸರನ್ನು. ಆ ಕಾಲದ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರ. ಅವನು ಕೇಳಿದ ಸಂಬಳ ಕೊಡಲು ಯಾರೂ ತಯಾರಿರಲಿಲ್ಲ. ಹುಡುಗ ಫೋಮ್ ರಬ್ಬರ್ ಮಾರುವ ಕೆಲಸ ಹಿಡಿದ, ಮುಂದೆ ಅದರಲ್ಲೇ ಸ್ವಂತ ಕಾರ್ಖಾನೆ ಕಟ್ಟಿದ. ಡ್ರಾಫ್ಟ್ ಚರಿತ್ರೆಯ ಮೊಟ್ಟಮೊದಲ ಹೆಸರು ಎನ್‌ಎಫ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ!

1980ರಲ್ಲಿ ಇಎಸ್‌ಪಿಎನ್ ಎಂಬ ಹೊಸ ಚಾನೆಲ್ ‘ಇದನ್ನು ನೇರಪ್ರಸಾರ ಮಾಡುತ್ತೇವೆ’ ಎಂದು ಕೇಳಿಕೊಂಡು ಬಂದಾಗ ಲೀಗ್‌ನ ಕಮಿಷನರ್ ಪೀಟ್ ರೊಜೆಲ್ ಅವರಿಗೇ ಅಚ್ಚರಿ. ಹೆಸರು ಓದುವುದನ್ನು ಯಾರಪ್ಪಾ ನೋಡುತ್ತಾರೆ? ನೋಡಿದರು. ಅಷ್ಟರಲ್ಲಾಗಲೇ ಬಾಲ್ಟಿಮೋರ್‌ನ ಮೆಲ್ ಕೈಪರ್ ಎಂಬ ತರುಣ ಹುಡುಗರ ಗುಣದೋಷ ಬರೆದು ಪುಸ್ತಿಕೆ ಮಾಡಿ ಮಾರುತ್ತಿದ್ದ. 1984ರಲ್ಲಿ ಅವನೂ ಟಿವಿಗೆ ಬಂದ. ಹತ್ತು ವರ್ಷ ಕಳೆಯುವಷ್ಟರಲ್ಲಿ, ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಆಯ್ಕೆಯನ್ನು ಕೈಪರ್ ನೇರಪ್ರಸಾರದಲ್ಲೇ ಹಿಗ್ಗಾಮುಗ್ಗಾ ಜಾಡಿಸಿದ್ದಕ್ಕೆ ಆ ತಂಡದ ಬಿಲ್ ಟೋಬಿನ್ ಕ್ಯಾಮೆರಾ ಮುಂದೆಯೇ ಕೆಂಡವಾದರು. ಈ ಕೈಪರ್ ಯಾರು, ನನ್ನ ಪಕ್ಕದ ಮನೆಯ ಅಂಚೆಯವನಿಗಿರುವಷ್ಟು ಯೋಗ್ಯತೆಯೂ ಇವನಿಗಿಲ್ಲ ಎಂಬರ್ಥದ ಮಾತಾಡಿದರು. ಆ ಜಗಳವನ್ನು ಜನ ಈಗಲೂ ಹುಡುಕಿ ನೋಡುತ್ತಾರೆ.

ನನ್ನ ಮನಸ್ಸು ಮಾತ್ರ ಕೈಪರ್‌ಗಿಂತ ಜೋಯಲ್ ಬುಕ್ಸ್‌ಬಾಮ್ ಕಡೆ ವಾಲುತ್ತದೆ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಒಂದು ಸಣ್ಣ ಅಪಾರ್ಟ್‌ಮೆಂಟ್, ತುಂಬಾ ವಿಡಿಯೊ ಟೇಪು, ಕಾಗದದ ರಾಶಿ, ಒಂದು ಫೋನು. ಅಲ್ಲಿಂದ ಹೊರಬೀಳುವುದೇ ಅಪರೂಪ. ‘ಪ್ರೊ ಫುಟ್‌ಬಾಲ್ ವೀಕ್ಲಿ’ಗೆ ಬರೆಯುತ್ತಿದ್ದ ಈ ಕೃಶಕಾಯದ ಮನುಷ್ಯನಿಗೆ ದೇಶದ ಮೂಲೆಮೂಲೆಯ ಕಾಲೇಜು ಆಟಗಾರರ ಜಾತಕ ಬಾಯಿಪಾಠ. ತಂಡಗಳ ದೊಡ್ಡ ದೊಡ್ಡ ತಲೆಗಳೇ ಫೋನ್ ಮಾಡಿ ಅವರ ಅಭಿಪ್ರಾಯ ಕೇಳುತ್ತಿದ್ದವು. 2002ರ ಕೊನೆಯಲ್ಲಿ, ಬರೀ 48ನೇ ವಯಸ್ಸಿಗೆ ಅವರು ತೀರಿಕೊಂಡಾಗ ಅಂತ್ಯಕ್ರಿಯೆಗೆ ಬಂದವರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಕೋಚ್ ಬಿಲ್ ಬೆಲಿಚಿಕ್ ಕೂಡ ಇದ್ದರು.

ಸರಿ, ಪ್ಯಾಕರ್ಸ್ ಯಾರನ್ನು ಕರೆಯುತ್ತದೆಂದು ಊಹಿಸುವುದು ಹೇಗೆ? ಎಲ್ಲರೂ ಮೊದಲು ಹಿಡಿಯುವ ದಾರಿ ಒಂದೇ: ತಂಡದಲ್ಲಿ ಯಾವ ಜಾಗ ಬಡವಾಗಿದೆ ನೋಡು, ಆ ಜಾಗದಲ್ಲಿ ಆಡುವ ಒಳ್ಳೆಯ ಹುಡುಗನ ಹೆಸರು ಬರೆ. ರಿಸೀವರ್ ಕೊರತೆ ಇದೆಯೇ? ರಿಸೀವರ್ ಬರೆ. ಈ ದಾರಿ ಹಿಡಿದವರನ್ನೇ ಪ್ಯಾಕರ್ಸ್ ಇಪ್ಪತ್ತೆರಡು ವರ್ಷ ಮಂಗ ಮಾಡಿದ್ದು! ಏಕೆಂದರೆ ಈ ತಂಡ ಆರಿಸುವುದು ಹಸಿವು ನೋಡಿಕೊಂಡಲ್ಲ, ಅಭ್ಯಾಸ ನೋಡಿಕೊಂಡು. ಹಳೆಯ ಡ್ರಾಫ್ಟ್‌ಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೂತರೆ ಆ ಅಭ್ಯಾಸಗಳು ಒಂದೊಂದಾಗಿ ಮೇಲೇಳುವುದನ್ನು ನೋಡಬೇಕು, ಮೈ ಜುಂ ಅನ್ನುತ್ತದೆ.

2012ರಿಂದ 2019ರವರೆಗಿನ ಮೊದಲ ಸುತ್ತು ನೋಡಿ. ನಿಕ್ ಪೆರಿ, ಡಾಟೋನ್ ಜೋನ್ಸ್, ಕ್ಲಿಂಟನ್-ಡಿಕ್ಸ್, ರಾಂಡಲ್, ಕೆನ್ನಿ ಕ್ಲಾರ್ಕ್, ಜೈರ್ ಅಲೆಕ್ಸಾಂಡರ್, ರಶಾನ್ ಗ್ಯಾರಿ, ಡಾರ್ನೆಲ್ ಸ್ಯಾವೇಜ್. ಎಲ್ಲರೂ ರಕ್ಷಣಾ ಆಟಗಾರರು! ಚೆಂಡು ಮುಟ್ಟಿ ಅಂಕ ಗಳಿಸುವವನು ಒಬ್ಬನೂ ಇಲ್ಲ. ಹಾಗಾದರೆ ಆ ವರ್ಷಗಳಲ್ಲಿ ಪ್ಯಾಕರ್ಸ್‌ನ ಚೆಂಡು ಹಿಡಿಯುತ್ತಿದ್ದವರು ಯಾರು? ಈಗ ಎರಡನೇ ಸುತ್ತಿನ ಪಟ್ಟಿಗೆ ಬನ್ನಿ. 2006ರಲ್ಲಿ ಗ್ರೆಗ್ ಜೆನ್ನಿಂಗ್ಸ್, 2008ರಲ್ಲಿ ಜೋರ್ಡಿ ನೆಲ್ಸನ್, 2011ರಲ್ಲಿ ರಾಂಡಲ್ ಕಾಬ್, 2014ರಲ್ಲಿ ಡವಾಂಟೆ ಆಡಮ್ಸ್, 2022ರಲ್ಲಿ ಕ್ರಿಶ್ಚಿಯನ್ ವಾಟ್ಸನ್. ರಿಸೀವರ್, ರಿಸೀವರ್, ರಿಸೀವರ್! ಬರಗಾಲ ಇರಲೇ ಇಲ್ಲ. ಬೇರೆಯವರು ಮೊದಲ ಸುತ್ತಿನ ಬೆಲೆ ತೆತ್ತು ತರುವಂಥ ಆಟಗಾರರಿಗೆ ಇವರು ಎರಡನೇ ಸುತ್ತಿನವರೆಗೂ ತಾಳ್ಮೆಯಿಂದ ಕಾಯುತ್ತಿದ್ದರು. ಪಂಡಿತರು ಖಾಲಿ ಕಣಜ ನೋಡಿ ಕನಿಕರ ಪಡುತ್ತಿದ್ದಾಗ ಧಾನ್ಯ ಹಿತ್ತಿಲ ಬಾಗಿಲಿಂದ ಒಳಗೆ ಬರುತ್ತಿತ್ತು.

ಎರಡನೇ ಅಭ್ಯಾಸ ಇನ್ನೂ ಸೋಜಿಗದ್ದು. ಪ್ರತಿ ವರ್ಷ ಫೆಬ್ರುವರಿ ಕೊನೆಯ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ‘ಕಂಬೈನ್’ ಎಂಬ ಮಹಾಪರೀಕ್ಷೆ ನಡೆಯುತ್ತದೆ. ಹುಡುಗರ ಎತ್ತರ, ತೂಕ, ತೋಳಿನ ಉದ್ದ, ಅಂಗೈಯ ಅಗಲ, ಎಲ್ಲವನ್ನೂ ಅಳೆಯುತ್ತಾರೆ. ಎತ್ತರವನ್ನು ಬರೆಯುವ ಕ್ರಮವೇ ಒಂದು ಸಂಕೇತಭಾಷೆ. ‘6021’ ಅಂದರೆ ಆರು ಅಡಿ, ಎರಡು ಇಂಚು, ಮೇಲೆ ಒಂದು ಇಂಚಿನ ಎಂಟನೇ ಒಂದು ಭಾಗ! ಆ ಎಂಟನೇ ಒಂದು ಭಾಗವನ್ನೂ ಬಿಡುವುದಿಲ್ಲ ಮಾರಾಯರು. ಆಮೇಲೆ 40 ಯಾರ್ಡ್ ಓಟ, ಸುಮಾರು 37 ಮೀಟರು. ನಮ್ಮ ಗೋಲ್ಡನ್ ಅದನ್ನು ಮುಗಿಸಿದ್ದು 4.29 ಸೆಕೆಂಡಿನಲ್ಲಿ. ನೀವು ಈ ವಾಕ್ಯ ಓದುವಷ್ಟರಲ್ಲಿ ಅವನು ಆ ತುದಿ ಮುಟ್ಟಿ ಹಿಂತಿರುಗಿ ನೋಡುತ್ತಿರುತ್ತಾನೆ.

ಈ ಅಳತೆಗಳನ್ನೆಲ್ಲ ಕೂಡಿಸಿ, 1987ರಿಂದೀಚೆಗೆ ಅದೇ ಜಾಗದಲ್ಲಿ ಆಡಿದ ಎಲ್ಲರ ಜೊತೆ ಹೋಲಿಸಿ, ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ಪದ್ಧತಿಯೊಂದನ್ನು ಕೆಂಟ್ ಲೀ ಪ್ಲಾಟ್ ಎಂಬುವರು ಮಾಡಿಟ್ಟಿದ್ದಾರೆ. ಅದನ್ನು ಪ್ಯಾಕರ್ಸ್‌ನ ಆಯ್ಕೆಗಳ ಪಕ್ಕದಲ್ಲಿಟ್ಟರೆ ಒಂಬತ್ತರ ಮೇಲಿನ ಅಂಕಗಳೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. 2019ರ ಗ್ಯಾರಿಗೆ ಹತ್ತಕ್ಕೆ ಹತ್ತು ಅನ್ನುವಷ್ಟು ಹತ್ತಿರ. 2023ರಲ್ಲಿ 13ನೇ ಸರದಿಯಲ್ಲಿ ಬಂದ ಲೂಕಸ್ ವ್ಯಾನ್ ನೆಸ್ ಕಥೆಯಂತೂ ನಂಬುವ ಹಾಗೇ ಇಲ್ಲ. ಅಯೋವಾ ವಿಶ್ವವಿದ್ಯಾಲಯದ ತಂಡದಲ್ಲಿ ಆತ ಒಂದೇ ಒಂದು ಪಂದ್ಯವನ್ನೂ ಮೊದಲ ಹನ್ನೊಂದರಲ್ಲಿ ಶುರು ಮಾಡಿದವನಲ್ಲ, ಯಾವಾಗಲೂ ಬದಲಿಯಾಗಿ ಇಳಿದವನು! ಆದರೆ ಮೈಕಟ್ಟು, ವೇಗ, ವಯಸ್ಸು ಮೂರೂ ಪ್ಯಾಕರ್ಸ್‌ನ ಹಳೆಯ ರುಚಿಗೆ ತಾಳೆಯಾಗುತ್ತಿದ್ದವು. ರೂಢಿ ಬಲ್ಲವರಿಗೆ ಅದು ಅಚ್ಚರಿಯೇ ಆಗಲಿಲ್ಲ.

ಇನ್ನು ಮೂರನೆಯದು, ಎಲ್ಲಕ್ಕಿಂತ ಆಳದ್ದು. ಹಿಂದೂಸ್ತಾನಿ ಸಂಗೀತ ಕೇಳುವವರು ಒಬ್ಬ ಗಾಯಕನ ಎರಡು ಆಲಾಪಕ್ಕೇ ‘ಇವನು ಇಂಥ ಘರಾಣೆ’ ಅನ್ನುತ್ತಾರಲ್ಲ, ಡ್ರಾಫ್ಟ್‌ನಲ್ಲೂ ಘರಾಣೆಗಳಿವೆ! 1991ರಲ್ಲಿ ಪ್ಯಾಕರ್ಸ್‌ನ ಜನರಲ್ ಮ್ಯಾನೇಜರ್ ಆದವರು ರಾನ್ ವುಲ್ಫ್. ಚೆಂಡೆಸೆಯುವ, ಆಟದ ಸೂತ್ರ ಹಿಡಿಯುವ ಕ್ವಾರ್ಟರ್‌ಬ್ಯಾಕ್ ಇಲ್ಲದೆ ತಂಡವೇ ಇಲ್ಲ ಎಂಬುದು ಅವರ ನಂಬಿಕೆ. ಅಟ್ಲಾಂಟಾದಲ್ಲಿ ಮೂಲೆಗುಂಪಾಗಿದ್ದ ಬ್ರೆಟ್ ಫಾರ್ವ್‌ನನ್ನು ಮೊದಲ ಸುತ್ತಿನ ಆಯ್ಕೆ ಕೊಟ್ಟು ತಂದವರು. ಫಾರ್ವ್ ಮಹಾತಾರೆಯಾದ ಮೇಲೂ ಅವರು ಕೈಕಟ್ಟಿ ಕೂರಲಿಲ್ಲ. ಮಾರ್ಕ್ ಬ್ರುನೆಲ್, ಮ್ಯಾಟ್ ಹ್ಯಾಸಲ್‌ಬೆಕ್, ಆರನ್ ಬ್ರೂಕ್ಸ್ ಹೀಗೆ ಕೆಳಗಿನ ಸುತ್ತುಗಳಲ್ಲಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸುತ್ತಲೇ ಹೋದರು. ಆ ಮೂವರೂ ಮುಂದೆ ಬೇರೆ ತಂಡಗಳ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದರು. ವುಲ್ಫ್ ಕೈಕೆಳಗೆ ಪಳಗಿದವರು ಟೆಡ್ ಥಾಂಪ್ಸನ್. ಥಾಂಪ್ಸನ್ ಕೈಕೆಳಗೆ ಪಳಗಿದವರು ಇಂದಿನ ಜನರಲ್ ಮ್ಯಾನೇಜರ್ ಬ್ರಯಾನ್ ಗುಟಕುನ್ಸ್ಟ್. ಗುರು, ಶಿಷ್ಯ, ಪ್ರಶಿಷ್ಯ.

ಈಗ 2005ಕ್ಕೆ ಬನ್ನಿ. ನ್ಯೂಯಾರ್ಕ್‌ನ ಜಾವಿಟ್ಸ್ ಸೆಂಟರ್. ಕ್ಯಾಲಿಫೋರ್ನಿಯಾದ ಆರನ್ ರೋಜರ್ಸ್ ಮೊದಲನೆಯವನಾಗಿಯೇ ಆಯ್ಕೆಯಾಗಬಹುದು ಎಂಬ ಮಾತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ತಂಡ ಅವನನ್ನು ಬಿಟ್ಟು ಅಲೆಕ್ಸ್ ಸ್ಮಿತ್‌ನನ್ನು ಕರೆಯಿತು. ಎರಡು, ಮೂರು, ಹತ್ತು, ಇಪ್ಪತ್ತು... ಹುಡುಗನ ಹೆಸರಿಲ್ಲ! ಜೊತೆಗಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ವೇದಿಕೆಗೆ ಹೋದರು. ನಾಲ್ಕೂವರೆ ಗಂಟೆ ಅವನ ಮುಖದ ಮೇಲೆ ಕ್ಯಾಮೆರಾ. 24ನೇ ಸರದಿ ಪ್ಯಾಕರ್ಸ್‌ನದು, ಥಾಂಪ್ಸನ್ ಅವರ ಮೊಟ್ಟಮೊದಲ ಆಯ್ಕೆ. ತಂಡದಲ್ಲಿ ಫಾರ್ವ್ ಇನ್ನೂ ಗಟ್ಟಿಯಾಗಿ ನಿಂತಿದ್ದ. ಕ್ವಾರ್ಟರ್‌ಬ್ಯಾಕ್ ಅವಶ್ಯಕತೆಯೇ ಇರಲಿಲ್ಲ. ಥಾಂಪ್ಸನ್ ರೋಜರ್ಸ್ ಹೆಸರು ಕರೆದೇಬಿಟ್ಟರು! ಹುಡುಗ ಮೂರು ವರ್ಷ ಬೆಂಚಿನಲ್ಲಿ ಕೂತ. ಆಮೇಲಿನದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ನಾಲ್ಕು ಸಲ ಲೀಗ್‌ನ ಅತ್ಯುತ್ತಮ ಆಟಗಾರ, ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಒಂದು ಗೆಲುವು.

ಹದಿನೈದು ವರ್ಷ ಕಳೆಯಿತು. 2020, ಕೋವಿಡ್ ಕಾಲ. ಕಮಿಷನರ್ ತಮ್ಮ ಮನೆಯ ನೆಲಮಾಳಿಗೆಯಿಂದ ಹೆಸರು ಓದುತ್ತಿದ್ದರು. ಪ್ಯಾಕರ್ಸ್ ಹಿಂದಿನ ಋತುವಿನಲ್ಲಿ 13 ಪಂದ್ಯ ಗೆದ್ದು ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ ಇದ್ದಾಗ ಎಡವಿತ್ತು. ಆ ವರ್ಷದ ಕಾಲೇಜು ರಿಸೀವರ್‌ಗಳ ಸಾಲು ಭರ್ಜರಿಯಾಗಿತ್ತು. ರೋಜರ್ಸ್‌ಗೆ ಒಬ್ಬ ಜೊತೆಗಾರನನ್ನು ಕೊಡುವುದೊಂದೇ ಬಾಕಿ ಎಂದು ಎಲ್ಲರೂ ಬರೆದರು. ಗುಟಕುನ್ಸ್ಟ್ ಏನು ಮಾಡಿದರು? ಸರದಿ ಬರುವವರೆಗೂ ಕಾಯದೆ 30ರಿಂದ 26ಕ್ಕೆ ಏರಿ ಯೂಟಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್‌ನನ್ನು ಕರೆದರು! ಇಡೀ ಡ್ರಾಫ್ಟ್‌ನಲ್ಲಿ ಒಬ್ಬ ರಿಸೀವರ್‌ನನ್ನೂ ತಗೊಳ್ಳಲಿಲ್ಲ. ಸುದ್ದಿ ತಿಳಿದ ರೋಜರ್ಸ್ ನಾಲ್ಕು ಬೆರಳು ಟಕೀಲಾ ಸುರಿದುಕೊಂಡದ್ದನ್ನು ಮುಂದೆ ತಾನೇ ಹೇಳಿಕೊಂಡ. ಆಮೇಲಿನ ಎರಡೂ ವರ್ಷ ಸಿಟ್ಟಿನಿಂದಲೋ ಏನೋ ಅತ್ಯುತ್ತಮ ಆಟಗಾರನ ಪ್ರಶಸ್ತಿ ಬಾಚಿದ! ದೇಶವೆಲ್ಲ ಬೆಚ್ಚಿಬಿದ್ದ ಈ ಆಯ್ಕೆಯನ್ನು ಘರಾಣೆಯ ಕಿವಿಯಿಂದ ಕೇಳಿದರೆ? ಅದೇ ರಾಗ. 2005ರಲ್ಲಿ ಗುಟಕುನ್ಸ್ಟ್ ಅದೇ ತಂಡದ ಸ್ಕೌಟ್ ಆಗಿದ್ದರು, ಗುರು ಹಾಡಿದ್ದನ್ನು ಪಕ್ಕದಲ್ಲೇ ಕೂತು ಕೇಳಿಸಿಕೊಂಡವರು.

ಆ ನಾಲ್ಕು ಮೆಟ್ಟಿಲ ಏರಿಕೆಯ ಬೆಲೆಯನ್ನು ನಾವೇ ಕೂತು ಲೆಕ್ಕ ಹಾಕಬಹುದು ಅನ್ನುವುದು ಇನ್ನೊಂದು ಮಜಾ. 1991ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಮೈಕ್ ಮೆಕಾಯ್, ತೈಲ ವ್ಯವಹಾರದಿಂದ ಬಂದ ಎಂಜಿನಿಯರು, ಪ್ರತಿಯೊಂದು ಸರದಿಗೂ ಒಂದು ಅಂಕ ಕೊಟ್ಟು ಕೋಷ್ಟಕ ಮಾಡಿದರು. ಕೋಚ್ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ ಅದು ಪ್ರಸಿದ್ಧ. ಮೊದಲ ಸರದಿಗೆ 3000, ಎರಡನೆಯದಕ್ಕೆ 2600, ಹತ್ತನೆಯದಕ್ಕೆ 1300, 32ನೆಯದಕ್ಕೆ 590. ಪ್ಯಾಕರ್ಸ್ ಮಯಾಮಿ ತಂಡಕ್ಕೆ ಕೊಟ್ಟದ್ದು 30ನೇ ಸರದಿ, ಅಂದರೆ 620. ಜೊತೆಗೆ ನಾಲ್ಕನೇ ಸುತ್ತಿನ 136ನೇ ಸರದಿ, ಅದಕ್ಕೆ 38. ಕೂಡಿದರೆ 658. ಪಡೆದ 26ನೇ ಸರದಿಯ ಬೆಲೆ 700. ಎಲ್ಲರೂ ತಲೆ ಚಚ್ಚಿಕೊಂಡ ಆ ವ್ಯಾಪಾರದಲ್ಲಿ ಕಾಗದದ ಲೆಕ್ಕಕ್ಕೆ ಲಾಭ ಪ್ಯಾಕರ್ಸ್‌ಗೇ! ಮನೆಯಲ್ಲಿ ಕೂತು ಊಹಿಸುವವರೂ ಇದೇ ಕೋಷ್ಟಕ ಇಟ್ಟುಕೊಂಡು ‘ಯಾರು ಯಾರ ಸರದಿ ಕೊಳ್ಳಬಹುದು’ ಎಂದು ಲೆಕ್ಕ ಹಾಕುತ್ತಾರೆ.

ಡಲ್ಲಾಸ್ ಅಂದೆನಲ್ಲ, ಅಲ್ಲಿಂದಲೇ ಹೊರಟ ಒಂದು ಎಳೆ ನನ್ನನ್ನು ನೇರವಾಗಿ ಭಾರತಕ್ಕೆ ತಂದು ಬಿಟ್ಟಿತು. 1960ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಐಬಿಎಂ ಕಂಪ್ಯೂಟರ್ ಫಲಿತಾಂಶಗಳನ್ನು ಪಟಪಟನೆ ಕೊಟ್ಟದ್ದನ್ನು ಕಂಡಿದ್ದ ಟೆಕ್ಸ್ ಶ್ರಾಮ್ ಕೌಬಾಯ್ಸ್‌ನ ಚುಕ್ಕಾಣಿ ಹಿಡಿದವರು. ಆಟಗಾರರನ್ನು ಆರಿಸಲು ಇದೇ ಯಂತ್ರ ಬಳಸಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. ಐಬಿಎಂನ ಅಂಗಸಂಸ್ಥೆ ಆ ಕೆಲಸಕ್ಕೆ ಹಚ್ಚಿದ್ದು ಯಾರನ್ನು? ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಿಂದ ಬಂದ ಸಲಾಂ ಖುರೇಷಿ ಎಂಬ ತರುಣ ಸಂಖ್ಯಾಶಾಸ್ತ್ರಜ್ಞರನ್ನು! ಅಮೆರಿಕನ್ ಫುಟ್‌ಬಾಲ್ ಅವರಿಗೆ ಏನೇನೂ ಗೊತ್ತಿರಲಿಲ್ಲ. ಅದೇ ಒಳ್ಳೆಯದಾಯಿತು ಅಂತ ನನಗನ್ನಿಸುತ್ತದೆ. ಆಟ ಬಲ್ಲ ಸ್ಕೌಟ್‌ಗಳು ‘ಚುರುಕು’, ‘ಛಲ’ ಎಂದೆಲ್ಲ ಬರೆಯುತ್ತಿದ್ದರು. ಒಬ್ಬ ಸ್ಕೌಟ್‌ನ ಚುರುಕು ಇನ್ನೊಬ್ಬನಿಗೆ ನಿಧಾನ. ಇದನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವುದು ಹೇಗೆ? ಖುರೇಷಿ ರಾಶಿ ರಾಶಿ ಗುಣಗಳನ್ನು ಜರಡಿ ಹಿಡಿದು ಕೊನೆಗೆ ಐದು ಉಳಿಸಿಕೊಂಡರು: ಶೀಲ, ಚುರುಕುತನ ಮತ್ತು ಮೈಹಿಡಿತ, ಸ್ಪರ್ಧಾಛಲ, ಬುದ್ಧಿಯ ಎಚ್ಚರ, ಬಲ ಮತ್ತು ಸಿಡಿತ. ಪ್ರತಿಯೊಂದಕ್ಕೂ ಒಂದರಿಂದ ಒಂಬತ್ತರವರೆಗೆ ಅಂಕ. ಇವತ್ತು ಪ್ರತಿ ತಂಡದ ಕೋಣೆಯಲ್ಲೂ ಇರುವ ಅಂಕಪಟ್ಟಿಗಳ ಮುತ್ತಜ್ಜ ಅದು. ಖುರೇಷಿ ಮುಂದೆ 1972ರಲ್ಲಿ ಸಿಸೋರೆಕ್ಸ್ ಎಂಬ ಸ್ವಂತ ಕಂಪನಿ ಕಟ್ಟಿದರು. ಕ್ರಿಕೆಟ್ ದೇಶದಿಂದ ಹೋದವರೊಬ್ಬರು ಅಮೆರಿಕದ ಅತಿ ಅಮೆರಿಕನ್ ಆಟಕ್ಕೆ ಲೆಕ್ಕ ಕಲಿಸಿದ ಈ ಕಥೆ ನಮ್ಮಲ್ಲಿ ಇನ್ನೂ ಮನೆಮಾತಾಗದಿರುವುದೇ ಆಶ್ಚರ್ಯ.

ಇಷ್ಟೆಲ್ಲ ಲೆಕ್ಕ, ಇಷ್ಟೆಲ್ಲ ಜಾಣರು. ತಂಡಗಳಿಗಾದರೂ ತಾವು ಆರಿಸುವ ಹುಡುಗ ಗೆಲ್ಲುತ್ತಾನೆಂದು ಗೊತ್ತಿರುತ್ತದೆಯೇ? ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, ಕೇಡ್ ಮ್ಯಾಸಿ ಜೊತೆ ಸೇರಿ ಇದನ್ನೇ ಅಳೆದು ನೋಡಿದರು. ಒಂದೇ ಜಾಗದಲ್ಲಿ ಆಡುವ ಇಬ್ಬರು ಹುಡುಗರು ಒಬ್ಬರ ಹಿಂದೊಬ್ಬರು ಆಯ್ಕೆಯಾದರೆ, ಮೊದಲು ಆಯ್ಕೆಯಾದವನೇ ಮುಂದೆ ಹೆಚ್ಚು ಆಡುವ ಸಾಧ್ಯತೆ ಎಷ್ಟು? ಶೇ 52! ನಾಣ್ಯ ಚಿಮ್ಮಿದರೆ 50. ಕೋಟಿಗಟ್ಟಲೆ ಡಾಲರ್ ಸುರಿದು ಕೊಂಡುಕೊಂಡದ್ದು ಆ ಎರಡು.

ಪ್ಯಾಕರ್ಸ್‌ನವರಿಗೆ ಇದನ್ನು ಯಾವ ಪ್ರೊಫೆಸರೂ ಹೇಳಿಕೊಡಬೇಕಿಲ್ಲ. 1989ರಲ್ಲಿ ಎರಡನೇ ಸರದಿ ಅವರದು. ಮಿಶಿಗನ್ ಸ್ಟೇಟ್‌ನ ಟೋನಿ ಮ್ಯಾಂಡರಿಚ್, ಬೆಟ್ಟದಂಥ ಆಳು, ನಿಯತಕಾಲಿಕಗಳ ಮುಖಪುಟದ ಹೀರೊ. ಅವನ ಹೆಸರು ಕರೆದರು. ಅವನ ಬೆನ್ನಿಗೇ ಮೂರನೆಯವನಾಗಿ ಹೋದವನು ಬ್ಯಾರಿ ಸ್ಯಾಂಡರ್ಸ್, ನಾಲ್ಕನೆಯವನು ಡೆರಿಕ್ ಥಾಮಸ್, ಐದನೆಯವನು ಡಿಯಾನ್ ಸ್ಯಾಂಡರ್ಸ್. ಮೊದಲನೆಯವನು ಟ್ರಾಯ್ ಏಕ್‌ಮನ್. ಆ ಐವರಲ್ಲಿ ನಾಲ್ವರು ಇಂದು ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಇಲ್ಲದವನು ಯಾರೆಂದು ಬೇರೆ ಹೇಳಬೇಕೆ? ಕಾಲೇಜಿನಲ್ಲಿ ಸ್ಟೆರಾಯ್ಡ್ ಬಳಸಿದ್ದನ್ನು ಮ್ಯಾಂಡರಿಚ್ ಎಷ್ಟೋ ವರ್ಷಗಳ ನಂತರ ತಾನೇ ಒಪ್ಪಿಕೊಂಡ.

ಅದೇ ತಂಡ 1956ರಲ್ಲಿ 17ನೇ ಸುತ್ತಿನಲ್ಲಿ, ಕೂತವರಿಗೆಲ್ಲ ಆಕಳಿಕೆ ಬರುವ ಹೊತ್ತಿಗೆ, ಅಲಬಾಮಾದ ಒಬ್ಬ ಕ್ವಾರ್ಟರ್‌ಬ್ಯಾಕ್‌ನ ಹೆಸರು ಬರೆದುಕೊಂಡಿತ್ತು. ಒಟ್ಟು ಲೆಕ್ಕದಲ್ಲಿ 200ನೆಯವನು. ಬಾರ್ಟ್ ಸ್ಟಾರ್! ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್ ಒಬ್ಬರು ಪ್ಯಾಕರ್ಸ್‌ನ ಸ್ಕೌಟ್ ಜ್ಯಾಕ್ ವೈನಿಸಿ ಕಿವಿಗೆ ಹಾಕಿದ ಹೆಸರು ಅದು. ಸ್ಟಾರ್ ತಂಡಕ್ಕೆ ಐದು ಲೀಗ್ ಪ್ರಶಸ್ತಿ ತಂದ, ಮೊದಲೆರಡೂ ಸೂಪರ್ ಬೌಲ್‌ಗಳ ಶ್ರೇಷ್ಠ ಆಟಗಾರನಾದ. ಅವನ ಸಂಖ್ಯೆ 200. ಏಳು ಸೂಪರ್ ಬೌಲ್ ಗೆದ್ದ ಟಾಮ್ ಬ್ರೇಡಿ 2000ನೇ ಇಸವಿಯಲ್ಲಿ ಆಯ್ಕೆಯಾದದ್ದು 199ನೆಯವನಾಗಿ. ಇಬ್ಬರು ದಂತಕಥೆಗಳ ನಡುವೆ ಒಂದೇ ಅಂಕೆಯ ಅಂತರ! ಇದಕ್ಕೆ ಕಾರಣ ಹುಡುಕಬೇಡಿ, ಸುಮ್ಮನೆ ಬಾಯಿ ಬಿಟ್ಟು ನೋಡಿ.

ಊಹಿಸುವವರ ಕಣ್ಣಿಗೆ ಮಣ್ಣೆರಚುವುದೂ ಈ ಆಟದ ಒಂದು ಭಾಗ. ಏಪ್ರಿಲ್‌ನಲ್ಲಿ ತಂಡಗಳು ಬಾಯಿಬಿಟ್ಟರೆ ಸುಳ್ಳು. ಬೇಡದ ಹುಡುಗನನ್ನು ಮನೆಗೆ ಕರೆದು ಊಟ ಹಾಕುತ್ತಾರೆ, ಬೇಕಾದವನ ಹೆಸರೇ ಎತ್ತುವುದಿಲ್ಲ. ಕೆಲವೊಮ್ಮೆ ಮಣ್ಣು ಎರಚಬೇಕಾದದ್ದೂ ಇಲ್ಲ, ಪಂಡಿತರು ತಾವೇ ಕಣ್ಣು ಮುಚ್ಚಿಕೊಂಡಿರುತ್ತಾರೆ. ಗ್ರೀನ್ ಬೇಯ ಅದೇ 2025ರ ಡ್ರಾಫ್ಟ್ ನೋಡಿ. 1989ರಲ್ಲಿ ಪ್ಯಾಕರ್ಸ್ ಕೈಬಿಟ್ಟ ಡಿಯಾನ್ ಸ್ಯಾಂಡರ್ಸ್‌ನ ಮಗ, ಕ್ವಾರ್ಟರ್‌ಬ್ಯಾಕ್ ಶೆಡ್ಯೂರ್ ಸ್ಯಾಂಡರ್ಸ್, ಮೊದಲ ಸುತ್ತಿನಲ್ಲೇ ಹೋಗುತ್ತಾನೆಂದು ಪಂಡಿತರ ಪಟ್ಟಿಗಳಲ್ಲಿತ್ತು. ಗುರುವಾರ ಕಳೆಯಿತು. ಶುಕ್ರವಾರ ಕಳೆಯಿತು. ಶನಿವಾರ ಐದನೇ ಸುತ್ತಿನಲ್ಲಿ, 144ನೆಯವನಾಗಿ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕರೆಯಿತು. ಅದಕ್ಕೂ ಮೊದಲು, ಮೂರನೇ ಸುತ್ತಿನಲ್ಲಿ ಅದೇ ತಂಡ ಬೇರೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿಕೊಂಡಾಗಿತ್ತು! ಯಾವ ಪಂಡಿತನ ಯಾವ ಪಟ್ಟಿಯಲ್ಲಿ ಇತ್ತು ಇದು?

ಇನ್ನು ಪ್ಯಾಕರ್ಸ್ ಮೊದಲ ಸುತ್ತನ್ನು ಊಹಿಸುವ ಚಪಲದವರು ಸ್ವಲ್ಪ ಕಾಯಬೇಕು. 2025ರ ಆಗಸ್ಟ್‌ನಲ್ಲಿ ಗುಟಕುನ್ಸ್ಟ್ ಡಲ್ಲಾಸ್‌ನ ರಕ್ಷಣಾ ತಾರೆ ಮೈಕಾ ಪಾರ್ಸನ್ಸ್‌ನನ್ನು ತಂದರು. ಬದಲಿಗೆ ಕೆನ್ನಿ ಕ್ಲಾರ್ಕ್‌ನನ್ನೂ, 2026 ಮತ್ತು 2027ರ ಮೊದಲ ಸುತ್ತಿನ ಆಯ್ಕೆಗಳನ್ನೂ ಕೊಟ್ಟರು. ಹಿಂದೆ ಫಾರ್ವ್‌ಗಾಗಿ ಮೊದಲ ಸುತ್ತಿನ ಒಂದು ಆಯ್ಕೆ ಕೊಟ್ಟಿದ್ದ ಘರಾಣೆ ಈ ಸಲ ಒಂದಲ್ಲ, ಎರಡನ್ನು ಒಟ್ಟಿಗೆ ಕೊಟ್ಟುಬಿಟ್ಟಿತು. ಅದನ್ನೂ ಯಾರೂ ಊಹಿಸಿರಲಿಲ್ಲ ಬಿಡಿ. ಊಹೆಗಾರರು ಈಗ ಪಟ್ಟಿಯನ್ನು ಎರಡನೇ ಸುತ್ತಿನಿಂದಲೇ ಶುರು ಮಾಡಿ, ಜೆನ್ನಿಂಗ್ಸ್, ನೆಲ್ಸನ್, ಆಡಮ್ಸ್ ಬಂದ ಆ ಹಿತ್ತಿಲ ಬಾಗಿಲಲ್ಲಿ ಸಾಲುಗಟ್ಟಿದ್ದಾರೆ.

ನನ್ನ ಮಾಕ್ ಡ್ರಾಫ್ಟ್ ಕೇಳುತ್ತೀರಾ? 2005ಕ್ಕೊಬ್ಬ ಕ್ವಾರ್ಟರ್‌ಬ್ಯಾಕ್, 2020ಕ್ಕೊಬ್ಬ. ಮುಂದಿನದು 2035, ಮೊದಲ ಸುತ್ತಿನ ಕೊನೆಯ ಭಾಗ, ಸರದಿ 28. ಹುಡುಗ ಈಗ ಐದನೆಯದೋ ಆರನೆಯದೋ ಕ್ಲಾಸು. ಎತ್ತರ ಇನ್ನೂ ಅಳೆದಿಲ್ಲ.